ಮೂರೂವರೆ ಕಿಲೋ ಕೂಸು

ಕಂಬಂ ಊರಾಚೆಯ ತೆಂಗಿನ ತೋಪಿನಲ್ಲಿ, ಇನ್ನೂ ಎಳೆಬಿಸಿಲು ಬೀಳುವ ಮೊದಲೇ, ಮಣಿಮೇಗಲೈ ತನ್ನ ಬೆನ್ನುಚೀಲವನ್ನು ತಕ್ಕಡಿಯ ಕೊಕ್ಕೆಗೆ ನೇತುಹಾಕಿ ಕಣ್ಣು ಕಿರಿದು ಮಾಡಿ ನೋಡಿದಳು. ಮೂರೂವರೆ ಕಿಲೋಗಿಂತ ಚೂರು ಹೆಚ್ಚಿತ್ತು. ಚೀಲ ಇಳಿಸಿದಳು, ಒಳಗಿದ್ದ ಮರಳಿನ ಗಂಟು ಬಿಚ್ಚಿದಳು, ಒಂದು ಹಿಡಿ ಮರಳು ತೆಗೆದು ನೆಲಕ್ಕೆ ಸುರಿದಳು, ಮತ್ತೆ ನೇತುಹಾಕಿದಳು. ಈಗ ಮುಳ್ಳು ಸರಿಯಾಗಿ ಮೂರೂವರೆಯ ಮೇಲೆ ನಿಂತಿತು.

"ಸ್ವಲ್ಪ ಹೆಚ್ಚಿದ್ದರೆ ಇರಲಿ ಬಿಡಿ ಅಕ್ಕಾ" ಎಂದ ಪಕ್ಕದಲ್ಲಿದ್ದ ಬಾಲಮುರುಗನ್.

"ಎರಡು ವರ್ಷ ಹೊತ್ತಿದ್ದು ಸಾಕು ತಂಬಿ. ಈ ಸಲ ಒಂದು ಕಾಳೂ ಹೆಚ್ಚಿಗೆ ಹೊರಲ್ಲ" ಎಂದಳು ಮಣಿಮೇಗಲೈ. ಅವಳಿಗೆ ಆಗಲೇ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಕೇಳಿದರೆ ಹೇಳುವುದು ಕಷ್ಟ. ಪಂದ್ಯದ ದಿನ ಅವಳು ಸಿಟ್ಟಿನಿಂದಲೇ ಏಳುತ್ತಿದ್ದಳು.

ಈ ಪಂದ್ಯವನ್ನು ತಮಿಳುನಾಡಿನ ತೇನಿ ಕಣಿವೆಗೆ ತಂದವನು ಬಾಲಮುರುಗನ್. ಹಡಗಿನ ಇಂಜಿನಿಯರಾಗಿ ನಾರ್ವೆಯಲ್ಲಿ ಕೆಲವು ವರ್ಷ ಇದ್ದು ಬಂದವನು. ಅಲ್ಲಿ ಎಂಟುನೂರು ವರ್ಷದ ಹಿಂದೆ ಶತ್ರುಗಳು ಬೆನ್ನಟ್ಟಿದಾಗ ಇಬ್ಬರು ಭಟರು ಒಂದೂವರೆ ವರ್ಷದ ಪುಟ್ಟ ರಾಜಕುಮಾರನನ್ನು ಎತ್ತಿಕೊಂಡು ಹಿಮದ ಬೆಟ್ಟ ದಾಟಿ ಉಳಿಸಿದರಂತೆ. ಅದರ ನೆನಪಿಗೆ ಆ ದೇಶದವರು ಈಗಲೂ ಬೆನ್ನ ಮೇಲೆ ಮೂರೂವರೆ ಕಿಲೋ ಭಾರ ಕಟ್ಟಿಕೊಂಡು ಬೆಟ್ಟದ ಸೈಕಲ್ ಓಡಿಸುತ್ತಾರೆ. ನಮ್ಮ ಕಣಿವೆಗೇನು ಬೆಟ್ಟ ಇಲ್ಲವೇ ಅಂದುಕೊಂಡ ಬಾಲಮುರುಗನ್, ಕಂಬಂನಿಂದ ದಿಂಡಿಗಲ್ ಬಂಡೆಯ ಬುಡದವರೆಗೆ ಕಾಲುವೆಯ ಏರಿದಾರಿ, ತೋಟದ ದಾರಿ, ಬೆಟ್ಟದ ಸೆರಗಿನ ಕಾಡುದಾರಿಗಳನ್ನೆಲ್ಲ ಹೊಲಿದು ಒಂದು ಹಾದಿ ಮಾಡಿದ. ಹೊತ್ತು ಮುಳುಗುವ ಮೊದಲು ತಲುಪಬೇಕು. ತಲುಪಿದಾಗಲೂ ಚೀಲ ಮೂರೂವರೆ ಕಿಲೋ ತೂಗಬೇಕು. ದಾರಿಯಲ್ಲಿ ತಿನ್ನುವ, ಕುಡಿಯುವ ಸಾಮಾನು ಲೆಕ್ಕಕ್ಕಿಲ್ಲ. ಹಾಗೆ ತಲುಪಿದವರಿಗೆಲ್ಲ ಪದಕ, ಇಷ್ಟೇ ನಿಯಮ.

ಮಣಿಮೇಗಲೈ ಈ ಕಥೆಯನ್ನು ಮೊದಲ ವರ್ಷ ಮನೆಯಲ್ಲಿ ಹೇಳಿದಾಗ ಅತ್ತೆ ಪಾಪಮ್ಮಾಳ್ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದ್ದಳು: "ನಡೆಯೋ ವಯಸ್ಸಿನ ಕೂಸು ಮೂರೂವರೆ ಕಿಲೋನಾ? ಆ ಅರಮನೇಲಿ ಕೂಸಿನ ಒಟ್ಟೆಗೆ ಏನೂ ಆಕ್ತಿರ್ಲಿಲ್ವಾ?" ಮನೆಯವರೆಲ್ಲ ನಕ್ಕರು. ಮಣಿಮೇಗಲೈಯೂ ನಕ್ಕಳು. ಆಗ ಅವಳಿಗೆ ನಗು ಬರುತ್ತಿತ್ತು.

ಅವರ ಮನೆ ಮಾರ್ಕಯನ್‌ಕೋಟ್ಟೈಯಿಂದ ಸ್ವಲ್ಪ ಆಚೆಗಿನ ಒಂದು ಸಣ್ಣ ಊರಿನಲ್ಲಿ. ಸುತ್ತ ತಮಿಳು, ಮನೆಯೊಳಗೆ ಮಾತ್ರ ಹಳೆಯ ಕನ್ನಡ. ಯಾವುದೋ ಕಾಲದಲ್ಲಿ ಕನ್ನಡ ಸೀಮೆಯಿಂದ ದನಗಳ ಹಿಂದೆ ನಡೆದು ಬಂದ ಒಕ್ಕಲು ಅದು. ಮುಂದೆ ಒಂದು ಎತ್ತು, ಹಿಂದೆ ಮಂದೆ, ಅದರ ಹಿಂದೆ ಜನ. ಆ ಎತ್ತು ಎಲ್ಲಿ ಮಲಗಿತೋ ಅಲ್ಲೇ ಊರು ಕಟ್ಟಿದರು. ಇವತ್ತಿಗೂ ಊರ ಹೊರಗೆ ದೇವರ ದೊಡ್ಡಿ ಇದೆ, ಅದರಲ್ಲಿ ಮಂದೆ ಇದೆ, ಮಂದೆಯ ಮುಂದೆ ಒಂದು ಎತ್ತು ಇದೆ. ಅದಕ್ಕೆ ಮೂಗುದಾರ ಇಲ್ಲ, ಹಗ್ಗ ಇಲ್ಲ, ನೊಗ ಗೊತ್ತಿಲ್ಲ. ಅದು ದಾರಿಗೆ ಅಡ್ಡ ಮಲಗಿದರೆ ಒಕ್ಕಲಿನವರು ಯಾರೂ ಅದನ್ನು ಎಬ್ಬಿಸುವುದಿಲ್ಲ, ದಾಟುವುದಿಲ್ಲ. ಕಣ್ಣಿಗೆ ಬಿದ್ದ ಮೇಲೆ ಸುತ್ತುದಾರಿ ಹಿಡಿದರೂ ದಾಟಿದ ಹಾಗೆಯೇ. ಅದು ತಾನಾಗಿ ಏಳುವವರೆಗೆ ನಿಲ್ಲಬೇಕು. ಮದುವೆ ದಿಬ್ಬಣಗಳು ನಿಂತಿವೆ, ಹೆರಿಗೆಯ ನೋವು ಬಂದವಳ ಗಂಡ ಸೂಲಗಿತ್ತಿಯನ್ನು ಕರೆಯಲು ಹೊರಟವನು ನಿಂತಿದ್ದಾನೆ.

ಸೈಕಲ್ ಪಂದ್ಯದಲ್ಲಿ ಮಣಿಮೇಗಲೈಯೂ ಹಾಗೇ ನಿಂತಳು. ಮೊದಲ ವರ್ಷ ಊರ ಹತ್ತಿರದ ಕಾಲುವೆ ಏರಿಯ ಮೇಲೆ ಎತ್ತು ಮಲಗಿತ್ತು. ಚೆನ್ನೈಯವರು, ಕೊಯಮತ್ತೂರಿನವರು ಅದರ ಬಾಲದ ಪಕ್ಕ ಸೈಕಲ್ ಎತ್ತಿಕೊಂಡು ದಾಟಿ ಹೋದರು. ಇವಳು ಬಿಸಿಲಲ್ಲಿ ಕಾದಳು. ಅದು ಎದ್ದಾಗ ಮಧ್ಯಾಹ್ನವಾಗಿತ್ತು, ಬತ್ತಲಗುಂಡು ತಲುಪುವಷ್ಟರಲ್ಲಿ ಕತ್ತಲಾಯಿತು. ಎರಡನೆಯ ವರ್ಷ ಬುದ್ಧಿ ಓಡಿಸಿ ಚೀಲಕ್ಕೆ ಹತ್ತಿಬೀಜ ತುಂಬಿಕೊಂಡಳು. ಅದೇ ಜಾಗದಲ್ಲಿ ಅದೇ ಎತ್ತು. ಹತ್ತಿಬೀಜ ತೋರಿಸುತ್ತ ಹಿಂದಕ್ಕೆ ಸರಿದರೆ ಅದು ತಾನಾಗಿ ಎದ್ದು ಬರುತ್ತದಲ್ಲ, ಎಬ್ಬಿಸಿದ ಹಾಗಾಗುವುದಿಲ್ಲವಲ್ಲ! ಎತ್ತು ಎದ್ದು ಬಂತು, ದಾರಿ ಬಿಟ್ಟಿತು, ಹತ್ತಿಬೀಜವನ್ನೂ ತಿಂದಿತು. ದಿಂಡಿಗಲ್‌ನಲ್ಲಿ ಚೀಲ ಅರ್ಧಕ್ಕರ್ಧ ತೂಗಿತು. ಬಾಲಮುರುಗನ್ ಮುಖ ಸಣ್ಣ ಮಾಡಿಕೊಂಡು "ಅನರ್ಹ" ಎಂದ.

ಆ ವಾರ ನೆಂಟರೆಲ್ಲ ಸೇರಿದ್ದ ಊಟದಲ್ಲಿ ಅವಳ ಗಂಡ ಕಾಳಿಯಪ್ಪನ್, ಸೋದರತ್ತೆಯ ಮಗನಾದ್ದರಿಂದ ಅವಳು 'ಮಾವ' ಎಂದೇ ಕರೆಯುವವನು, ಬಾಯಿ ಬಿಟ್ಟ. ಅವನು ದೇವರ ದೊಡ್ಡಿಯನ್ನು ನೋಡಿಕೊಳ್ಳುವ ಮನೆತನದವನು. ಬೆಳಗ್ಗೆ ದೊಡ್ಡಿಯ ಬಾಯಿಗೆ ಅಡ್ಡವಿಟ್ಟ ಬಿದಿರ ಗಳು ಸರಿಸಿ ಮಂದೆ ಬಿಡುವವನು ಅವನೇ. "ಇನ್ನೊಂದೇ ಸಲ. ಪದಕ ತಂದ್ರೆ ತಂದಂಗೆ. ಇಲ್ಲಾಂದ್ರೆ ಸೈಕಲ್ಲು ಅಟ್ಟಕ್ಕೆ. ಏನಂತೀಯ?" ಎಂದ. ಎಲ್ಲರೂ ಇವಳ ಮುಖ ನೋಡಿದರು. ಮಣಿಮೇಗಲೈ ರೋಷಕ್ಕೆ ಬಿದ್ದು "ಸರಿ ಮಾವ. ಅಂಗೇ ಆಗ್ಲಿ" ಎಂದುಬಿಟ್ಟಳು. ಆ ಒಕ್ಕಲಿನಲ್ಲಿ ಹತ್ತು ಜನರೆದುರು ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅವಳು ಕಳೆದುಕೊಳ್ಳುವುದು ಒಂದು ಸೈಕಲ್ಲನ್ನಲ್ಲ. ಅವಳು ದ್ರಾಕ್ಷಿ ಪ್ಯಾಕಿಂಗ್ ಶೆಡ್ ನಡೆಸುವ ಹೆಂಗಸು. ಬೆಳಗಿನಿಂದ ರಾತ್ರಿಯವರೆಗೆ "ಅಕ್ಕಾ, ಲಾರಿ ಬಂತು", "ಮಣಿ, ಸಾರಿಗೆ ಉಪ್ಪು ಹಾಕಿದೆಯಾ", "ಅಮ್ಮಾ, ನನ್ನ ಕನ್ನಡಕ ಎಲ್ಲಿ" ಅಂತ ಅವಳನ್ನು ಕರೆಯುತ್ತಲೇ ಇರುತ್ತಾರೆ. ಮುಂಜಾನೆ ಸೈಕಲ್ಲಿನ ಮೇಲೆ ಮಾತ್ರ ಯಾರೂ ಕರೆಯುವುದಿಲ್ಲ. ನಲವತ್ತೆರಡು ವರ್ಷಕ್ಕೆ ಸಿಕ್ಕ ಆ ಒಂದು ಗಳಿಗೆಯನ್ನು ಅಟ್ಟಕ್ಕೆ ಹಾಕುವ ಮಾತಿಗೆ ತಾನೇ ತಲೆ ಆಡಿಸಿದ್ದೆನಲ್ಲ ಅಂತ ವರ್ಷವಿಡೀ ಅವಳು ತನ್ನನ್ನೇ ಬೈದುಕೊಂಡಿದ್ದಳು.

ಅದಕ್ಕೇ ಈ ಸಲ ಎಲ್ಲ ಬಂದೋಬಸ್ತು ಮಾಡಿದಳು. ಚೀಲಕ್ಕೆ ಯಾವ ಎತ್ತೂ ಮೂಸದ ಹೊಳೆಯ ಮರಳು. ಗಂಡನ ಕೈಯಲ್ಲಿ, ಮಧ್ಯಾಹ್ನದವರೆಗೆ ದೊಡ್ಡಿಯ ಗಳು ತೆಗೆಯುವುದಿಲ್ಲ ಅಂತ ಮಾತು. ಕಾಳಿಯಪ್ಪನ್ ಮಾತಿಗೆ ತಪ್ಪಲಿಲ್ಲ. ಮುಂಜಾನೆ ಬಾಡಿಗೆಯ ಪುಟ್ಟ ಲಾರಿಯಲ್ಲಿ ಹೆಂಡತಿಯನ್ನೂ ಸೈಕಲ್ಲನ್ನೂ ಕಂಬಂಗೆ ತರುವ ಮುಂಚೆ ತಾಯಿಗೆ ಎರಡೆರಡು ಸಲ "ಗಳು ಮುಟ್ಬೇಡವ್ವ" ಎಂದು ಹೇಳಿ ಬಂದ. ಪಾಪಮ್ಮಾಳ್ ಮಾತ್ರ ಮರಳಿನ ಗಂಟು ನೋಡಿ ಮುಖ ಸಿಂಡರಿಸಿದ್ದಳು. "ಕೂಸಿನ ಬದ್ಲು ಮಣ್ಣು ಒತ್ಕೊಂಡು ಓಗ್ತಾರಾ ಯಾರಾದ್ರೂ? ಥೂ" ಎಂದಿದ್ದಳು. ಮಣಿಮೇಗಲೈ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂದ್ಯ ಹೊರಟಿತು. ಕಂಬಂನ ದ್ರಾಕ್ಷಿ ಚಪ್ಪರಗಳ ನಡುವಿನ ಕೆಂಪು ದಾರಿ, ಆಮೇಲೆ ಕೊಯ್ಲಾದ ಗದ್ದೆಗಳ ಬದು, ಉತ್ತಮಪಾಳ್ಯದ ಬಳಿ ಕಲ್ಲುಗುಂಡುಗಳ ಇಳಿಜಾರು. ಮಣಿಮೇಗಲೈ ಚೆನ್ನಾಗಿ ಓಡಿಸುತ್ತಿದ್ದಳು. ಮೊದಲ ಎರಡು ವರ್ಷ ಇಲ್ಲಿಗೇ ಉಸಿರು ಬಾಯಿಗೆ ಬಂದಿತ್ತು, ಈ ಸಲ ಕಾಲುಗಳು ಹೇಳಿದ ಮಾತು ಕೇಳುತ್ತಿದ್ದವು. ಮರಳಿನ ಗಂಟು ಬೆನ್ನಿಗೆ ಒತ್ತುತ್ತಿದ್ದರೂ ಅವಳಿಗೆ ಅದು ಹಿತವಾಗಿಯೇ ಇತ್ತು. ಚಿನ್ನಮನೂರು ದಾಟಿದಾಗ ಎರಡು ಮೂರು ವರ್ಷದಲ್ಲಿ ಮೊದಲ ಸಲ ಅವಳ ಸಿಟ್ಟು ಸ್ವಲ್ಪ ಇಳಿಯಿತು. ಹಿಂದಿನಿಂದ ಮೈದುನನ ಮಗ ಮುತ್ತುಕುಮಾರ್ ಬಂದು ಸೇರಿಕೊಂಡ. ಮದುರೈನಲ್ಲಿ ಕೆಲಸ ಮಾಡುವ ಹುಡುಗ. ಕನ್ನಡ ಅರ್ಥವಾದರೂ ಬಾಯಿಗೆ ಬರುವುದು ತಮಿಳೇ. "ಸೂಪರ್ ದೊಡ್ಡಮ್ಮ" ಎಂದ. ಇಬ್ಬರೂ ಒಟ್ಟಿಗೆ ಕಾಲುವೆ ಏರಿಗೆ ಹತ್ತಿದರು, ಹುಣಸೆಮರದ ತಿರುವು ತಿರುಗಿದರು.

ಏರಿಯ ಮೇಲೆ ಎತ್ತು ಮಲಗಿತ್ತು.

ಆ ಬದಿಗೆ ನೀರು, ಈ ಬದಿಗೆ ಗದ್ದೆ, ನಡುವೆ ತನ್ನ ಮನೆಯ ಜಗಲಿ ಎಂಬಂತೆ ಕಾಲು ಮಡಚಿ ಕೂತು ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ ಪಾಪಮ್ಮಾಳ್ ಕೂತಿದ್ದಳು. ಎದುರಿಗೆ ಒಂದು ಮೊರ ತುಂಬ ರಾಗಿ, ಮೇಲೆ ಒಂದು ಹೂವು. ಸೊಸೆಯನ್ನು ಕಂಡು ಮುದುಕಿ ಬಾಯಿ ತುಂಬ ನಕ್ಕಳು.

ಮಣಿಮೇಗಲೈಗೆ ಬ್ರೇಕು ಹಿಡಿದದ್ದೂ ಗೊತ್ತಾಗಲಿಲ್ಲ. ಮೈಯೆಲ್ಲ ಉರಿದು ಹೋಯಿತು.

ಮುತ್ತುಕುಮಾರ್ ಇಳಿದ, ಎತ್ತನ್ನು ನೋಡಿದ, ಅಜ್ಜಿಯನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ. ಬರ್ತೀರಾ ಅಂತ ತಮಿಳಿನಲ್ಲಿ ಕೇಳಿದ. ಇವಳು ಇಲ್ಲವೆಂದು ತಲೆ ಆಡಿಸಿದಳು. ಅವನು ಎತ್ತಿಗೆ ಒಂದು ಕೈಮುಗಿದು, ಬಾಲದ ಪಕ್ಕ ಸೈಕಲ್ ಎತ್ತಿಕೊಂಡು ದಾಟಿ, ಹತ್ತಿ ಹೊರಟೇ ಹೋದ. ಅವನಿಗೆ ಏನೂ ಆಗಲಿಲ್ಲ. ಅವನ ಹಿಂದೆಯೇ ಇನ್ನೂ ನಾಲ್ಕು ಜನ ಹೋದರು, ಒಬ್ಬ ಎತ್ತಿನ ಜತೆ ಫೋಟೋ ಬೇರೆ ತೆಗೆದುಕೊಂಡ.

"ಅತ್ತೆ, ಗಳು ತೆಗೆದಿದ್ದು ಯಾರು?" ಎಂದಳು ಮಣಿಮೇಗಲೈ, ಹಲ್ಲು ಕಚ್ಚಿಕೊಂಡು.

"ನಾನೇ, ನನ್ ಕಣ್ಣೇ. ಇನ್ಯಾರು ತೆಗೀತಾರೆ?"

"ಮಾವ ಬೇಡಾಂದಿದ್ರಲ್ಲ."

"ಅವನಿಗೇನ್ ಗೊತ್ತು? ದೂರ ಒಂಟವರ ಮುಂದೆ ಸಾಮಿ ಇರ್ಬೇಕು. ನಮ್ಮ ಜನ ಬಂದಿದ್ದೇ ಅಂಗೆ. ಮುಂದೆ ಸಾಮಿ ಇಲ್ದೆ ನಮ್ಮೋರು ಯಾರು ಎಲ್ಲಿಗೆ ತಲುಪಿದಾರೆ?" ಪಾಪಮ್ಮಾಳ್ ಎತ್ತಿನ ಬೆನ್ನು ಸವರಿದಳು. "ಓದ್ವರ್ಷವೂ ನಾನೇ ಬಿಟ್ಟಿದ್ದು. ಅದ್ರ ಇಂದ್ಲ ವರ್ಷವೂ ನಾನೇ. ಬಿಟ್ಟು ಮನೆಗೋಗ್ಬುಡ್ತಿದ್ದೆ. ಅದಕ್ಕೇ ಆಗ್ಲಿಲ್ಲ ಅಂತ ಈ ಸಲ ರಾಗಿ ತಕೊಂಡು ನಾನೇ ಬಂದೆ. ನಿನ್ ಕೈಯಾರೆ ಮೊದಲ ಇಡಿ ಕೊಡು, ಗೆದ್ಕೊಂಡು ಬತ್ತೀಯ."

ಮಣಿಮೇಗಲೈ ಸೈಕಲ್ಲನ್ನು ನೆಲಕ್ಕೆ ಬಿಸಾಡಿದಳು. ಎರಡು ವರ್ಷ ವಿಧಿ ಅಂದುಕೊಂಡಿದ್ದಳು. ಎತ್ತಿನ ಮನಸ್ಸು ಅಂದುಕೊಂಡಿದ್ದಳು. ಗಂಡನ ಕಿತಾಪತಿ ಇರಬಹುದು ಅಂತಲೂ ಒಳಗೊಳಗೇ ಅಂದುಕೊಂಡು ಆ ಪಾಪದವನ ಮೇಲೆ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಇದು ಅತ್ತೆಯ ಆಶೀರ್ವಾದ! ತಾನು ಗೆಲ್ಲಲಿ ಅಂತ ಮನೆಯಲ್ಲಿ ನಿಜವಾಗಿ ಬಯಸಿದವಳು ಒಬ್ಬಳೇ ಒಬ್ಬಳು, ಅವಳೇ ಮೂರು ವರ್ಷದಿಂದ ದಾರಿಗೆ ಅಡ್ಡ ಎತ್ತು ತಂದು ಮಲಗಿಸುತ್ತಿದ್ದಾಳೆ. ಬೈಯಬೇಕು ಅಂತ ಬಾಯಿ ತೆರೆದಳು. ಏನಂತ ಬೈಯುವುದು? ಅಪ್ಪನ ಒಡಹುಟ್ಟಿದವಳು, ಎತ್ತಿ ಆಡಿಸಿದವಳು.

"ಅತ್ತೆ, ಇದು ಪಂದ್ಯ. ಸಾಮಿ ಮಲಗಿದ್ರೆ ನಾನು ನಿಲ್ಬೇಕಲ್ಲ. ನಿಂತ್ರೆ ಸೋಲ್ತೀನಲ್ಲ. ಇದು ತಲೆಗೆ ಓಗ್ಲೇ ಇಲ್ವಾ ನಿನಗೆ?"

ಪಾಪಮ್ಮಾಳ್‌ಳ ನಗು ಮೆಲ್ಲಗೆ ಇಳಿಯಿತು. ಅವಳು ಎತ್ತನ್ನು ನೋಡಿದಳು, ದಾಟಿ ಹೋದವರ ಸೈಕಲ್ ಧೂಳನ್ನು ನೋಡಿದಳು. "ಎದ್ದು ನಿನ್ ಮುಂದೆ ನಡೀತೈತೆ ಅಂದ್ಕೊಂಡಿದ್ದೆ" ಎಂದಳು ಸಣ್ಣ ದನಿಯಲ್ಲಿ.

"ದಿಂಡಿಗಲ್‌ವರೆಗೂ ನಡೀತೈತಾ?"

ಮುದುಕಿ ತಲೆ ತಗ್ಗಿಸಿದಳು. ಮಣಿಮೇಗಲೈ ಏರಿಯ ಅಂಚಿಗೆ ಕೂತು ಮುಖ ಮುಚ್ಚಿಕೊಂಡಳು. ದಾಟಿಬಿಡಲೇ ಅಂತ ಅವಳಿಗೆ ಅನ್ನಿಸದೆ ಇರಲಿಲ್ಲ. ಮುತ್ತುಕುಮಾರ್ ದಾಟಲಿಲ್ಲವೇ? ಆದರೆ ಅವಳ ಕಾಲು ಏಳಲಿಲ್ಲ. ನಂಬಿಕೆ ಅಂತ ಕರೆಯಿರಿ, ಹೆದರಿಕೆ ಅಂತ ಕರೆಯಿರಿ, ಬೆನ್ನುಮೂಳೆಯೊಳಗೆ ಕೂತದ್ದು ವಾದಕ್ಕೆ ಬಗ್ಗುವುದಿಲ್ಲ. ಇಂಥ ಮೂಳೆಗಳನ್ನು ಕೊಟ್ಟ ಅಪ್ಪ ಅಮ್ಮನ ಮೇಲೂ ಅವಳಿಗೆ ಸಿಟ್ಟು ಬಂತು.

ಪಾಪಮ್ಮಾಳ್ ಹತ್ತಿರ ಸರಿದು ಕೇಳಿದಳು. "ಮಣಿ, ಆ ದೇಶದೋರು ಒತ್ತಿದ್ದು ಕೂಸನ್ನಲ್ವಾ?"

"ಊಂ."

"ಕೂಸೆತ್ಕೊಂಡೋಳನ್ನ ಸಾಮಿ ತಡೆಯಾಕಿಲ್ಲ. ನಮ್ಮೋರು ಬರೋವಾಗ ಒಳೆ ದಾಟೋ ಕಡೆ ಸಾಮಿ ನೀರಿನ ಅಂಚಲ್ಲೇ ಮಲಗ್ಬುಡ್ತಂತೆ. ಇಂದೆ ನೋಡಿದ್ರೆ ದಂಡಿನೋರು ಕುದುರೆ ಮೇಲೆ ಅಟ್ಟಿಸ್ಕೊಂಡು ಬತ್ತಾವ್ರೆ. ಆಗ ಕೂಸಿದ್ದ ಎಂಗಸ್ರನ್ನೆಲ್ಲ ಮುಂದೆ ಬಿಟ್ರು. ಮಿಕ್ಕೋರು ಸಾಮಿ ಏಳೋಗಂಟ ನಿಂತಿದ್ರು. ಅವತ್ತಿಂದ ಕೂಸಿದ್ದೋಳಿಗೆ ತಡೆ ಇಲ್ಲ. ನಿನ್ ಗಂಡ ಕೈಕೂಸಾಗಿದ್ದಾಗ ನಾನೇ ಇದೇ ದಾರೀಲಿ ದಾಟಿದೀನಿ."

ಮಣಿಮೇಗಲೈ ಮುಖದಿಂದ ಕೈ ತೆಗೆದಳು. "ಇದನ್ನ ಮೂರು ವರ್ಷದಿಂದ ಯಾಕೆ ಯೋಳ್ಲಿಲ್ಲ?"

"ಬೆನ್ ಮೇಲಿರೋದನ್ನ ನೀನು ಪೈ ಅಂದೆ, ಚೀಲ ಅಂದೆ. ಭಾರ ಅಂದೆ. ಅದನ್ನ ಕೂಸು ಅಂತ ಯಾವತ್ತಂದೆ?"

ಅವಳು ಎದ್ದಳು, ಚೀಲ ತಬ್ಬಿಕೊಂಡಳು. "ಅಂಗಾದ್ರೆ ಇದೇ ಕೂಸು. ನಾನು ದಾಟ್ತೀನಿ."

"ಅದ್ರೊಳಗೆ ಮಣ್ಣೈತೆ" ಎಂದಳು ಪಾಪಮ್ಮಾಳ್. ಅವಳ ದನಿ ಗಟ್ಟಿಯಾಗಿತ್ತು. "ಮಣ್ಣು ಒತ್ಕೊಂಡು ಕೂಸು ಅಂದ್ರೆ ಸಾಮಿ ಒಪ್ತದಾ? ಅನ್ನ ಆಗೋದು ಏನಾದ್ರೂ ಇದ್ರೆ ಕೂಸು ಅನ್ಬೋದು."

ಮಣಿಮೇಗಲೈಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಚಚ್ಚಿಕೊಳ್ಳಲು ಹೊತ್ತಿರಲಿಲ್ಲ. ಇಬ್ಬರ ಕಣ್ಣೂ ಒಟ್ಟಿಗೇ ಮೊರದ ಮೇಲೆ ಬಿತ್ತು.

ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಅತ್ತೆಯ ಊರುಗೋಲನ್ನು ಅದರ ಸೀಟಿನ ಮೇಲೆ ಅಡ್ಡ ಇಟ್ಟರು. ಒಂದು ತುದಿಗೆ ಮರಳಿನ ಗಂಟು, ಇನ್ನೊಂದು ತುದಿಗೆ ರಾಗಿ ತಂದಿದ್ದ ಬಟ್ಟೆಚೀಲ. ಪಾಪಮ್ಮಾಳ್ ಸೈಕಲ್ಲು ಹಿಡಿದಳು, ಸೊಸೆ ಬೊಗಸೆ ಬೊಗಸೆಯಾಗಿ ರಾಗಿ ಸುರಿದಳು. ಕೋಲು ಮರಳಿನ ಕಡೆಗೇ ವಾಲುತ್ತಿತ್ತು. ಮೊರ ಕೊಡವಿ ಕೊನೆಯ ಕಾಳನ್ನೂ ಹಾಕಿದ ಮೇಲೆ ಅದು ಸಮವಾಗಿ ನಿಂತಿತು. ಮಣಿಮೇಗಲೈ ಮರಳನ್ನು ಏರಿಯ ಮೇಲೆ ಸುರಿದು, ರಾಗಿಯನ್ನು ಬೆನ್ನುಚೀಲಕ್ಕೆ ತುರುಕಿದಳು.

"ತಡಿ ತಡಿ. ಸಾಮಿಗೆ ಮೊದಲ ಇಡಿ?"

"ಅತ್ತೆ, ಹೊತ್ತಾಯ್ತು."

"ಸಾಮಿಗೆ ಅಂತ ತಂದ ರಾಗಿ ಅದು. ಅದಕ್ಕೆ ಕೊಡ್ದೆ ಒಯ್ತೀಯಾ?"

ಮಣಿಮೇಗಲೈ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಎತ್ತಿನ ಮೂತಿಗೆ ಹಿಡಿದಳು. ಒರಟು ನಾಲಿಗೆ ಅವಳ ಅಂಗೈಯನ್ನು ಉಜ್ಜಿ ನೆಕ್ಕಿತು. ಒಂದು ಹಿಡಿ ತಾನೇ ಅಂದುಕೊಂಡಳು. ಚೀಲವನ್ನು ಬೆನ್ನಿಗೆ ಹಾಕಲು ಹೋದರೆ ಪಾಪಮ್ಮಾಳ್ ಬಿಡಲಿಲ್ಲ, ದಾಟುವವರೆಗಾದರೂ ಸೊಂಟಕ್ಕೆ ಇಟ್ಟುಕೊಳ್ಳಬೇಕು ಎಂದಳು. ಒಂದು ಕೈಯಲ್ಲಿ ಸೈಕಲ್ಲು, ಸೊಂಟದಲ್ಲಿ ಚೀಲ. ಮಣಿಮೇಗಲೈ ಎತ್ತಿನ ಕೊಂಬಿನ ಮುಂದೆ ಹಾದು ಹೋದಳು. "ಕೂಸೈತೆ ಸಾಮಿ" ಎಂದಳು. ಎತ್ತು ಕಿವಿ ಕೂಡ ಆಡಿಸಲಿಲ್ಲ. ಎರಡು ವರ್ಷ ಅವಳನ್ನು ಅಳಿಸಿದ ಪ್ರಾಣಿ ಸುಮ್ಮನೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಆಮೇಲೆ ಅವಳು ಓಡಿಸಿದ ಪರಿ ನೋಡಬೇಕಿತ್ತು. ಬೋಡಿನಾಯಕನೂರಿನ ಕಡೆಯ ಬೆಟ್ಟದ ಬುಡದಲ್ಲಿ ಏಲಕ್ಕಿ ಲಾರಿಗಳ ಧೂಳು ನುಂಗಿದಳು. ತೇನಿಯ ಬಳಿ ಮುಳ್ಳು ಚುಚ್ಚಿ ಟ್ಯೂಬು ಬದಲಾಯಿಸಿದಳು, ಪಂಪು ಎರಡು ಸಲ ಜಾರಿತು, ಪಂಪಿಗೂ ಬೈದಳು. ಪೆರಿಯಕುಳಂನ ಮಾವಿನ ತೋಪುಗಳಲ್ಲಿ ನೆರಳು ಉದ್ದವಾಗತೊಡಗಿತ್ತು. ದೇವದಾನಪಟ್ಟಿಯ ಏರಿನಲ್ಲಿ ಇಳಿದು ತಳ್ಳುತ್ತಿದ್ದ ಇಬ್ಬರನ್ನು ಹಿಂದೆ ಹಾಕಿದಳು. ಬತ್ತಲಗುಂಡು ದಾಟಿದಾಗ ಸೂರ್ಯ ಇನ್ನೂ ಬೆಟ್ಟದ ಮೇಲಿದ್ದ. ತೊಡೆಗಳು ಕಲ್ಲಾಗಿದ್ದವು, ಬಾಯಿ ಒಣಗಿತ್ತು, ಬೆನ್ನ ಮೇಲೆ ರಾಗಿ ಸರಸರ ಎನ್ನುತ್ತ ಅತ್ತಿತ್ತ ಹೊರಳುತ್ತಿತ್ತು. ಎರಡು ಸಲ ಅವಳೇ ಅರಿಯದೆ ಕೈ ಹಿಂದೆ ಚಾಚಿ ಅದನ್ನು ತಟ್ಟಿದಳು.

ದಿಂಡಿಗಲ್ ಬಂಡೆಯ ಬು‌ಡದ ಮೈದಾನಕ್ಕೆ ನುಗ್ಗಿದಾಗ ಬಿಸಿಲು ಬಂಡೆಯ ನೆತ್ತಿಯಲ್ಲಿ ಇನ್ನೂ ಉಳಿದಿತ್ತು. ಜನ ಚಪ್ಪಾಳೆ ತಟ್ಟಿದರು. ಕೊರಳಲ್ಲಿ ಪದಕ ಹಾಕಿಕೊಂಡಿದ್ದ ಮುತ್ತುಕುಮಾರ್ ಶಿಳ್ಳೆ ಹೊಡೆದ. ಲಾರಿಯ ಪಕ್ಕದಲ್ಲಿ ಕಾಳಿಯಪ್ಪನ್ ನಿಂತಿದ್ದ. ಸೈಕಲ್ ಕಟ್ಟಲು ತಂದ ಹಗ್ಗ ಅವನ ಹೆಗಲ ಮೇಲಿತ್ತು. ಮಣಿಮೇಗಲೈ ಇಳಿದು, ಕಾಲು ನಿಲ್ಲದೆ ಒಂದು ಸಲ ಕುಸಿದು, ಎದ್ದು, ಚೀಲವನ್ನು ತಾನೇ ತಕ್ಕಡಿಗೆ ನೇತುಹಾಕಿದಳು.

ಮುಳ್ಳು ಮೂರೂವರೆಯ ಹತ್ತಿರ ಬಂದು, ಮುಟ್ಟದೆ ನಿಂತಿತು.

ಬಾಲಮುರುಗನ್ ತಕ್ಕಡಿಯನ್ನು ತಟ್ಟಿದ, ಚೀಲ ಇಳಿಸಿ ಮತ್ತೆ ಹಾಕಿದ. ಅಷ್ಟೇ. ಒಂದು ಹಿಡಿಯಷ್ಟು ಕಡಿಮೆ.

ಮಣಿಮೇಗಲೈ ತನ್ನ ಅಂಗೈ ನೋಡಿಕೊಂಡಳು. ಬೆಳಗ್ಗೆ ಕಂಬಂನಲ್ಲಿ ಬೇಡವೆಂದು ಚೆಲ್ಲಿದ ಒಂದು ಹಿಡಿ ಮರಳು ನೆನಪಾಯಿತು. ಕಾಲುವೆ ಏರಿಯ ಒಂದು ಹಿಡಿ ರಾಗಿ ನೆನಪಾಯಿತು. ಅವಳಿಗೆ ಅಳು ಬರಲಿಲ್ಲ. ಈ ಬಂಡೆಗೆ ತಲೆ ಡಿಕ್ಕಿ ಹೊಡೆಯಬೇಕು ಅನ್ನಿಸಿತು.

ಬಾಲಮುರುಗನ್ ಒಳ್ಳೆಯವನು. ಸುತ್ತ ನೋಡಿದ. ಯಾರೂ ಹತ್ತಿರವಿರಲಿಲ್ಲ. ಮೈದಾನದ ತುಂಬ ಮುಷ್ಟಿಗಾತ್ರದ ಕಲ್ಲುಗಳು ಬಿದ್ದಿದ್ದವು. "ಅಕ್ಕಾ, ನಾನು ನೀರು ಕುಡಿದು ಬರ್ತೀನಿ. ಬಂದು ಇನ್ನೊಂದು ಸಲ ತೂಗೋಣ" ಎಂದು ಬೆನ್ನು ತಿರುಗಿಸಿ ಹೊರಟ.

ಅವಳು ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಚೀಲದ ಬಾಯಿ ಬಿಚ್ಚಿದಳು. ಈ ಕಲ್ಲೊಂದು ಒಳಗೆ ಬಿದ್ದರೆ ಪದಕ ಬರುತ್ತದೆ, ಸೈಕಲ್ಲು ಉಳಿಯುತ್ತದೆ, ಮುಂಜಾನೆ ಉಳಿಯುತ್ತದೆ. ಕಲ್ಲು ಬಿದ್ದರೆ ಇದು ಕೂಸಲ್ಲ. ಕೂಸಲ್ಲವಾದರೆ ಸಾಮಿಯ ಮುಖದೆದುರು ಸುಳ್ಳು ಹೇಳಿ ದಾಟಿದ ಹಾಗಾಯಿತು. ದಾಟಿಸಿದ ಮುದುಕಿಯ ಬಾಯಲ್ಲೂ ಸುಳ್ಳು ಹೇಳಿಸಿದ ಹಾಗಾಯಿತು. ಅವಳು ಕಲ್ಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಮುಂದಿನ ಜನ್ಮದಲ್ಲಾದರೂ ಈ ಒಕ್ಕಲಿನಲ್ಲಿ ಹುಟ್ಟಿಸಬೇಡಪ್ಪ ಅಂತ ಬಯ್ಯುತ್ತ ಅದನ್ನು ಬಲವಾಗಿ ದೂರಕ್ಕೆ ಎಸೆದಳು.

ಬಾಲಮುರುಗನ್ ಬಂದು ತೂಗಿದ. ಮುಳ್ಳು ಅಲ್ಲೇ ಇತ್ತು. ಅವನು ಅವಳಿಗೆ ಕೈಮುಗಿದ.

ಕಾಳಿಯಪ್ಪನ್‌ಗೆ ವಿಷಯ ತಿಳಿಯಲು ಯಾರೂ ಹೇಳಬೇಕಾಗಿರಲಿಲ್ಲ. ಫೋನು ಹಿಡಿದು ಹತ್ತಿರ ಬಂದ. "ಅವ್ವ" ಎಂದು ಅವಳ ಕೈಗೆ ಕೊಟ್ಟ.

"ಮಣಿ, ಕೂಸು ತಲುಪ್ತಾ?" ಎಂದಳು ಆ ಕಡೆಯಿಂದ ಪಾಪಮ್ಮಾಳ್.

ಗೆದ್ದೆಯಾ ಅಂತ ಕೇಳಲಿಲ್ಲ. ಮಣಿಮೇಗಲೈ ಚೀಲದ ಮೇಲೆ ಕೈ ಇಟ್ಟಳು. "ತಲುಪ್ತು ಅತ್ತೆ. ದಾರೀಲಿ ಸ್ವಲ್ಪ ಇಳಿದೋಗೈತೆ."

"ಅಷ್ಟು ದೂರ ಒತ್ರೆ ಕೂಸು ಇಳೀದೆ ಇರ್ತದಾ? ಬಾ, ಉಣ್ಸಿದ್ರೆ ತುಂಬ್ಕೊತದೆ."

ಅವಳು ಫೋನು ಗಂಡನ ಕೈಗಿಟ್ಟಳು. ಅವನು ಒಂದು ಸಲ ಕೆಮ್ಮಿದ, ಹೆಗಲ ಮೇಲಿನ ಹಗ್ಗವನ್ನು ಸರಿಮಾಡಿಕೊಂಡ. "ಪದಕ ಇಲ್ಲ ಅಲ್ವಾ. ಮಾತು..."

"ಮಾವ" ಎಂದಳು ಮಣಿಮೇಗಲೈ. ಅವಳ ದನಿ ತಣ್ಣಗಿತ್ತು. "ಸಾಮಿಗೊಂದು ಕಟ್ಟುಪಾಡು, ನಾರ್ವೆಗೊಂದು ಕಟ್ಟು, ನಿಮಗೊಂದು ಕಟ್ಟು. ಎಲ್ಲ ಕಟ್ಟೂ ನನ್ನೊಬ್ಬಳ ತಲೆ ಮೇಲೆ. ಎರಡು ಕೇಳ್ದೆ. ಮೂರನೇದು ಕೇಳಲ್ಲ. ಅತ್ತು ಜನರ ಮುಂದೆ ಆಡಿದ ಮಾತು, ಊಂ, ಆಡ್ದೆ. ಈಗ ಅದೇ ಅತ್ತು ಜನರ ಮುಂದೆ ಮುರೀತೀನಿ. ನೆಂಟರನ್ನ ಕರೀರಿ, ಊಟಕ್ಕೆ ನಾನೇ ಆಕ್ತೀನಿ."

ಆ ಮನೆಯಲ್ಲಿ ಅಂಥ ಮಾತನ್ನು ಕಾಳಿಯಪ್ಪನ್ ಕೇಳಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಬಗ್ಗಿ ಚೀಲ ಎತ್ತಿದ. "ಇಷ್ಟೇನಾ ಭಾರ?" ಎಂದ.

ಅಷ್ಟು ಸಾಕಾಯಿತು. "ಇಷ್ಟೇ. ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ಳಿ. ಮನೆ ಬರೋಗಂಟ ಇಳಿಸ್ಬಾರ್ದು."

ಸೈಕಲ್ಲನ್ನು ಅವಳೇ ಲಾರಿಗೆ ಏರಿಸಿ ಅವಳೇ ಹಗ್ಗ ಬಿಗಿದಳು. ಡ್ರೈವರ್, ಅವಳು, ಅಂಚಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡ ಕಾಳಿಯಪ್ಪನ್. ಬತ್ತಲಗುಂಡುವರೆಗೆ ಅವನು ಚೀಲವನ್ನು ಎಡತೊಡೆಯಿಂದ ಬಲತೊಡೆಗೆ, ಬಲತೊಡೆಯಿಂದ ಎಡತೊಡೆಗೆ ಸರಿಸುತ್ತಲೇ ಇದ್ದ. ಚಹಾದಂಗಡಿಯ ಮುಂದೆ ಗಾಡಿ ನಿಂತಾಗ ಅವನ ಕಾಲು ಜೋಮು ಹಿಡಿದಿತ್ತು. ಕುಂಟುತ್ತ ಇಳಿದ. ಚೀಲವನ್ನು ಸೀಟಿನ ಮೇಲೆ ಬಿಡಲಿಲ್ಲ, ಸೊಂಟಕ್ಕೆ ಇಟ್ಟುಕೊಂಡೇ ಹೋಗಿ ಎರಡು ಚಹಾ ಹೇಳಿದ. ಅಂಗಡಿಯವನು ವಿಚಿತ್ರವಾಗಿ ನೋಡಿದ.

ಮಣಿಮೇಗಲೈ ಚಹಾ ಗುಟುಕರಿಸಿದಳು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಕಾಲುಗಳು ಮಾತ್ರ ಆಗಲೇ ಮುಂದಿನ ವರ್ಷದ ಏರುಗಳನ್ನು ನೆನೆಸಿಕೊಳ್ಳುತ್ತಿದ್ದವು.

"ಮಾವ" ಎಂದಳು. "ಮುಂದ್ಲ ವರ್ಷ ಸಾಮಿಯ ಇಡಿಯನ್ನ ಬೇರೆ ಗಂಟಲ್ಲಿ ತರಕ್ಕೆ ನಿಮ್ಮವ್ವನಿಗೆ ಯೋಳಿ."

ಕಾಳಿಯಪ್ಪನ್ ಚೀಲವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಯೋಳ್ತೀನಿ ಎಂದ.